ಜ್ವರದ ಡಬ್ಬಿ

ಆಗಸ್ಟ್ 20, ಮಂಗಳವಾರ

ಬರೀ ಅಂಗೈ ಇಟ್ಟು, ಪಾಯಿಂಟ್ ಸಮೇತ ಜ್ವರ ಹೇಳೋ ಗಂಡಸು ಇಡೀ ಮೈಸೂರು ಜಿಲ್ಲೆಗೆ ನಾನೊಬ್ಬನೇ. ಒಂದು ಕಾಲದಲ್ಲಿ ಮೈಸೂರಿನ ದೊಡ್ಡ ದೊಡ್ಡ ಡಾಕ್ಟರುಗಳು ಡೌಟ್ ಬಂದರೆ ಕಾರು ಕಳಿಸಿ ನನ್ನ ಕೈ ಕೇಳ್ತಿದ್ದರು. ಇವತ್ತು ಮೂಗಯ್ಯನ ಮೊಮ್ಮಗಳ ಹಣೆ ಮುಟ್ಟಿ ಹೇಳಿದೆ — ನೂರಾ ಒಂದು ಪಾಯಿಂಟ್ ನಾಲ್ಕು. ಶಿಲ್ಪಶ್ರೀ ಕಂಕುಳಿಗೆ ಕಡ್ಡಿ ಇಟ್ಟು ನೋಡಿದಳು. ತೊಂಬತ್ತೆಂಟು ಪಾಯಿಂಟ್ ಎರಡು. ಕಡ್ಡಿ ಕೆಟ್ಟಿರಬೇಕು.

ಬೆಳಿಗ್ಗೆಯಿಂದ ಒಂಬತ್ತು ಮನೆ. ಶಿಲ್ಪ ಆಶಾ ಕಾರ್ಯಕರ್ತೆ, ನಾನು ಅವಳ ಡ್ರೈವರು. ಟಿವಿಎಸ್ ನಂದು, ಪೆಟ್ರೋಲು ಅವಳದು. ಅಕ್ಕನ ಮಗಳು ಅಂತ ಬಾಡಿಗೆ ಕೇಳಿಲ್ಲ. ಈ ಊರಿಗೆ ಸೊಸೆಯಾಗಿ ತಂದವನೂ ನಾನೇ ಅಲ್ವೆ.

ಉಸಿರು ಎಣಿಸೋ ಕೆಲಸ ಇಬ್ಬರದು. ಮಗುವಿನ ಅಂಗಿ ಎತ್ತಿ ಹೊಟ್ಟೆ ಏಳೋದು ಇಳಿಯೋದು ಅವಳು ನೋಡ್ತಾಳೆ. ಮೊಬೈಲಿನಲ್ಲಿ ಒಂದು ನಿಮಿಷ ನಾನು ನೋಡಿ "ಸ್ಟಾಪ್" ಅನ್ನಬೇಕು. ನಡುವೆ ಮಾತಾಡಂಗಿಲ್ಲ. ನನಗೆ ಅದೇ ಕಷ್ಟ. ಇವತ್ತು ನಲವತ್ತನೇ ಸೆಕೆಂಡಿಗೆ ಮೂಗಯ್ಯನ ಎಮ್ಮೆ ವಿಚಾರ ಎತ್ತಿಬುಟ್ಟೆ.

"ಮಾವ, ಬಾಯಿಗೆ ಒಂದು ನಿಮಿಷ ರಜಾ ಕೊಡಿ. ಮತ್ತೆ ಮೊದಲಿಂದ ಎಣಿಸಬೇಕು ಈಗ."

"ಅರ್ಧ ಎಣಿಸಿ ಡಬಲ್ ಮಾಡ್ಕೊ."

"ಹಂಗೆ ಮಾಡಂಗಿಲ್ಲ. ಪೂರ್ತಿ ನಿಮಿಷ. ವರ್ಷ ದಾಟಿದ ಮಗು ನಲವತ್ತು ಮೇಲೆ ಉಸಿರು ಬಿಟ್ರೆ ಆಸ್ಪತ್ರೆ. ಎಷ್ಟು ಸಲ ಹೇಳೋದು?"

ಮಗು ಹೆಸರು ನಿಶ್ಚಿತಾ. ಎರಡು ವರ್ಷ ಚಿಲ್ಲರೆ. ನನ್ನ ಮೀಸೆ ಹಿಡ್ಕೊಂಡು ಬಿಡಲಿಲ್ಲ. ಉಸಿರು ಇಪ್ಪತ್ತೆಂಟು. ಆರಾಮ.

ಆಗಸ್ಟ್ 27, ಮಂಗಳವಾರ

ಸಂಘದ ಹೆಂಗಸರ ಮೀಟಿಂಗು, ಅಂಗನವಾಡಿ ಜಗಲಿ. ಜ್ವರದ ಡಬ್ಬಿ ನನ್ನ ಟ್ರಂಕಿನಲ್ಲೇ ಇರಲಿ ಅಂತ ಮತ್ತೆ ತೀರ್ಮಾನ. ವಾರವಾರ ಮನೆಗಿಷ್ಟು ಅಂತ ಹಾಕೋ ದುಡ್ಡು. ಯಾವ ಮಗುವಿಗೆ ಜ್ವರ ಏರಿದರೂ ಗಂಡನ ಜೇಬು ಕಾಯದೆ, ಸುನಿಲನ ಓಮ್ನಿ ಹತ್ತಿಸಿ ಮೈಸೂರಿಗೆ ಕಳಿಸೋಕೆ. ಹೋದ ವರ್ಷ ಒಂದು ಮಗು ದಾರಿ ಕಾಯ್ತಾ ಕಾಯ್ತಾ ತೀರಿಹೋಗಿದ್ದಕ್ಕೆ ಶಿಲ್ಪ ಶುರು ಮಾಡಿದ್ದು. ಪುಸ್ತಕಕ್ಕೆ ಸಹಿ ಅವಳದು, ಕಾವಲು ನನ್ನದು.

"ಪ್ರಭಣ್ಣ ಕುಡಿಯಲ್ಲ, ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ದುಡ್ಡು ತಿನ್ನೋಕೆ ಬಾಯೇ ಇಲ್ಲ ಆ ಮನೇಲಿ" ಅಂದಳು ಮೂಗಯ್ಯನ ಸೊಸೆ ಮಂಜುಶ್ರೀ. ಎಲ್ಲರೂ ನಕ್ಕರು.

ನಾನು ಎದ್ದು ನಿಂತು ಒಂದು ಭಾಷಣ ಹೊಡೆದೆ. ಏಳನೇ ಕ್ಲಾಸು ಅಂತ ಯಾರೂ ಅನ್ನಲಾರರು. ಚಪ್ಪಾಳೆ ಬಿತ್ತು. ಶಿಲ್ಪ ಮಾತ್ರ ತಟ್ಟಲಿಲ್ಲ. ರಿಜಿಸ್ಟರ್ ಬರೀತಿದ್ದಳು.

ಸೆಪ್ಟೆಂಬರ್ 4, ಬುಧವಾರ

ಮೈಸೂರಿಗೆ ಹೋಗಿದ್ದೆ. ಬನ್ನಿಮಂಟಪದ ಶಾಂತಕ್ಕನ್ನ, ಶಿಲ್ಪನ ತಾಯಿನ, ನೋಡೋಕೆ ಅಂತ ಊರಲ್ಲಿ ಹೇಳಿದ್ದು. ರೇಸಿಗೆ ಹೋದೆ.

ಇದರಲ್ಲಿ ಒಂದು ವಿದ್ಯೆ ಇದೆ. ಕುದುರೆ ಓಡೋ ಮುಂಚೆ ಸುತ್ತು ನಡೆಸ್ತಾರಲ್ಲ, ಆಗ ಪಕ್ಕೆ ನೋಡಬೇಕು. ಉಸಿರು ನಿಧಾನ ಇರೋದು ಗೆಲ್ಲುತ್ತೆ. ಮೂವತ್ತು ಮಕ್ಕಳ ಉಸಿರು ಎಣಿಸಿದವನಿಗೆ ಕುದುರೆ ಉಸಿರು ಯಾವ ಲೆಕ್ಕ! ಪಕ್ಕದಲ್ಲಿ ನಿಂತಿದ್ದ ಪ್ಯಾಂಟಿನವನಿಗೆ ಹೇಳಿದೆ. ಅವನು ನನ್ನ ಮಾತು ಕೇಳಿ ಕಟ್ಟಿದ, ಗೆದ್ದ. ನಾನು ಅದೇ ಕುದುರೆಗೆ ಕಟ್ಟಿದೆ. ಅಂದರೆ ಅದಲ್ಲ, ಅದರ ಪಕ್ಕದ್ದು.

ಏನೋ ಸ್ವಲ್ಪ ಹೋಯ್ತು. ಐನೂರು ಇರಬಹುದು. ನನ್ನ ದುಡ್ಡೇ.

ಸೆಪ್ಟೆಂಬರ್ 11, ಬುಧವಾರ

ಹೋದದ್ದನ್ನ ತರೋಕೆ ಹೋಗಿದ್ದೆ. ಮಳೆ. ಕುದುರೆ ಓಡೋ ದಾರಿಯೆಲ್ಲ ಕೆಸರು. ಕೆಸರಲ್ಲಿ ಉಸಿರಿನ ವಿದ್ಯೆ ನಡೆಯಲ್ಲ ಅಂತ ಮೊದಲೇ ಗೊತ್ತಿರಬೇಕಿತ್ತು.

ನನ್ನ ದುಡ್ಡು ಅಂತ ಮೊನ್ನೆ ಬರೆದಿದ್ದೆ. ನಂದಲ್ಲ.

ಯಾರಿಗೂ ತೊಂದರೆ ಇಲ್ಲ. ಎರಡು ತಿಂಗಳಾಯ್ತು ಯಾವ ಮಗೂನೂ ಮೈಸೂರಿಗೆ ಹೋಗಿಲ್ಲ. ಎಲ್ಲಾ ಗಟ್ಟಿಮುಟ್ಟು. 19ನೇ ತಾರೀಕು ಗುರುವಾರ ದೊಡ್ಡ ಪಂದ್ಯ ಇದೆ. ಅವತ್ತು ಪೂರಾ ತುಂಬಿಸ್ತೀನಿ. ಮೇಲೆ ಒಂದು ಸಾವಿರ ಜಾಸ್ತಿನೇ ಹಾಕ್ತೀನಿ, ನಮ್ಮ ಕಡೆಯಿಂದ ದಾನ ಅಂತ.

ಸೆಪ್ಟೆಂಬರ್ 17, ಮಂಗಳವಾರ, ಸಂಜೆ

ಶಿಲ್ಪ ಬೆಳಿಗ್ಗೆ ಟ್ರೈನಿಂಗಿಗೆ ಹೋದಳು. ಮೂರು ದಿನ ಮೈಸೂರು. ಅಮ್ಮನ ಮನೆಯಲ್ಲೇ ಉಳೀತಾಳೆ, ಬನ್ನಿಮಂಟಪದಲ್ಲಿ. ಬಸ್ ಹತ್ತೋವಾಗ "ಮಾವ, ಯಾವ ಮಗುಗಾದ್ರೂ ಜ್ವರ ಅಂದ್ರೆ ನನ್ನ ಕಾಯಬೇಡಿ. ಡಬ್ಬಿ ತೆಗೆದು ಸುನಿಲಂಗೆ ಫೋನ್ ಮಾಡಿ" ಅಂದಳು. ತಲೆ ಆಡಿಸಿದೆ.

ಆರು ಗಂಟೆಗೆ ಮಂಜುಶ್ರೀ ಬಂದಳು. ಸೊಂಟದಲ್ಲಿ ನಿಶ್ಚಿತಾ. ಮಗು ತಲೆ ಭುಜದ ಮೇಲೆ ಹಾಕಿತ್ತು. ಮೀಸೆ ತೋರಿಸಿದೆ, ನೋಡಲಿಲ್ಲ.

"ನೆನ್ನೆಯಿಂದ ಕೆಂಡ ಆಗದೆ ಕಣಣ್ಣ ಮೈ. ಹಾಲು ಕುಡೀತಿಲ್ಲ. ಶಿಲ್ಪಕ್ಕನ ಫೋನು ಸ್ವಿಚಾಫು. ಇವರಪ್ಪ ಲಾರಿ ಜೊತೆ ಹುಬ್ಬಳ್ಳಿಗೆ ಹೋಗವ್ರೆ. ಸುನಿಲಂಗೆ ಹೇಳ್ಳಾ? ಡಬ್ಬಿ ತೆಗೀತೀರಾ?"

ಡಬ್ಬಿ ಅಂದಳಲ್ಲ — ಬಾಗಿಲಿಗೆ ಅಡ್ಡ ನಿಂತೆ.

ಅಂಗಿ ಎತ್ತು ಅಂದೆ. ಹೊಟ್ಟೆ ಮೇಲೆ ನಾಲ್ಕು ಕೆಂಪು ಗುಳ್ಳೆ. ಬೆನ್ನಲ್ಲಿ ಒಂದು. ಬಾಯಿ ತಾನೇ ಹೇಳಿಬುಡ್ತು:

"ಜ್ವರ ಅಲ್ಲ ಕಣಮ್ಮ ಇದು. ಅಮ್ಮ. ಸೀತಾಳೆ. ಅಮ್ಮ ಬಂದವ್ಳೆ ಮನೆಗೆ."

"ಹೌದಾ ಅಣ್ಣ? ಸೊಳ್ಳೆ ಕಡಿದಂಗೆ ಕಾಣ್ತದೆ..."

"ನಾನು ನೋಡಿರೋಷ್ಟು ಅಮ್ಮನ್ನ ನಿಮ್ಮತ್ತೆನೂ ನೋಡಿಲ್ಲ. ಮಾತ್ರೆ ಪಾತ್ರೆ ಏನೂ ಕೊಡಬೇಡ. ಹೊಸ್ತಿಲು ದಾಟಿಸಬೇಡ ಮಗುನ. ಒಗ್ಗರಣೆ ಹಾಕಬೇಡ."

ಅವಳು ನಂಬಿದಳು. ಅಮ್ಮ ಅಂದಮೇಲೆ ಯಾರು ಎದುರು ಮಾತಾಡ್ತಾರೆ? ಅವಳ ಹಿಂದೆಯೇ ಬಂದಿದ್ದ ಮೂಗಯ್ಯನಂತೂ ಅಲ್ಲೇ ಕೈ ಮುಗಿದ. ಬೇವಿನ ಸೊಪ್ಪು ಮುರಿದು ತಂದು ಅವರ ಬಾಗಿಲಿಗೆ ನಾನೇ ಕಟ್ಟಿದೆ. ಸೊಪ್ಪು ಕಂಡ ಮನೆಗೆ ಅಕ್ಕಪಕ್ಕದವರು ಕಾಲಿಡಲ್ಲ.

ನಂಗೂ ಆಗಿತ್ತು ಸೀತಾಳೆ, ಮೂರನೇ ಕ್ಲಾಸಲ್ಲಿ. ಹಿಂಗೇ ಶುರುವಾಗಿದ್ದು. ಅಮ್ಮ ಇದ್ದರೂ ಇರಬಹುದು. ಯಾಕಿರಬಾರದು?

ಏನು ಮಾಡಲಿ, ಡಬ್ಬಿ ಖಾಲಿ. ಎರಡು ದಿನ ಅಷ್ಟೇ.

ಸೆಪ್ಟೆಂಬರ್ 18, ಬುಧವಾರ, ಮಧ್ಯಾಹ್ನ

ಹೋಗಬಾರದು ಅಂತಿದ್ದೆ. ಕಾಲು ಕೇಳಲಿಲ್ಲ.

ಹೊಸ್ತಿಲ ಆಚೆ ನಿಂತೆ. ಮಗು ಬೇವಿನ ಸೊಪ್ಪಿನ ಮೇಲೆ ಹಳೇ ಸೀರೆ ಹಾಸಿ ಮಲಗಿತ್ತು. ಮೂಗಯ್ಯ ಪಕ್ಕದಲ್ಲಿ ಕೂತು ಸೊಪ್ಪಿನಲ್ಲೇ ಗಾಳಿ ಹಾಕ್ತಿದ್ದ.

"ಗುಳ್ಳೆ ಏಳ್ತಾನೇ ಇಲ್ಲ ಸ್ವಾಮೇರೆ. ಇದ್ದವೂ ಬಾಡ್ಕೊಂಡವೆ" ಅಂದ.

"ಒಳಗಮ್ಮ ಇರ್ಬೇಕು" ಅಂದೆ. ಒಳಗಮ್ಮ! ಆ ಪದ ಎಲ್ಲಿಂದ ಬಂತೋ. ಮುದುಕ ತಲೆ ಆಡಿಸಿದ. ನಾನು ಏನು ಹೇಳಿದರೂ ಆಡಿಸ್ತಾನೆ.

"ಉಸಿರು ಬಿರಬಿರನೆ ಬಿಡ್ತವ್ಳೆ ಕಣಣ್ಣ. ಒಂದ್ಸಲ ನೋಡಿ. ನೀವು ಶಿಲ್ಪಕ್ಕನ ಜೊತೆ ಎಣಿಸ್ತಿದ್ರಲ್ಲ" ಅಂದಳು ಮಂಜುಶ್ರೀ.

ಮೊಬೈಲ್ ತೆಗೆದೆ. ಹೊಟ್ಟೆ ನೋಡಿದೆ. ಏಳ್ತಿದೆ, ಇಳೀತಿದೆ, ಏಳ್ತಿದೆ. ಮೂವತ್ತು ಸೆಕೆಂಡಿಗೆ ಇಪ್ಪತ್ತೊಂಬತ್ತು. ಅಲ್ಲಿಗೆ ನಿಲ್ಲಿಸಿದೆ. ಫೋನ್ ಬಂತು ಅಂದೆ. ಬಂದಿರಲಿಲ್ಲ.

ಪೂರ್ತಿ ನಿಮಿಷ ಎಣಿಸಬೇಕು ಅನ್ನೋದು ನಿಯಮ. ಅರ್ಧ ಎಣಿಸಿದ್ದು ಲೆಕ್ಕಕ್ಕಿಲ್ಲ. ಶಿಲ್ಪನೇ ಹೇಳೋದು.

ಎಳನೀರು ಕುಡಿಸು ಅಂತ ಹೇಳಿ ಬಂದೆ. 

ಸೆಪ್ಟೆಂಬರ್ 19, ಗುರುವಾರ

ಮೈಸೂರಿಗೆ ಹೋಗಿದ್ದೆ. ಕೆಲಸ ಇತ್ತು. ಆಗಲಿಲ್ಲ.

ವಾಪಸ್ ಬಸ್ಸಲ್ಲಿ, ಇಲವಾಲ ಇನ್ನೂ ಬಂದಿರಲಿಲ್ಲ, ಹಿಂದಿನ ಸೀಟಿಂದ "ಮಾವ" ಅಂತ ಕೇಳಿಸ್ತು. ಶಿಲ್ಪ. ಟ್ರೈನಿಂಗ್ ಮುಗಿಸಿ ಬರ್ತಿದ್ದಾಳೆ. ತೊಡೆ ಮೇಲೆ ಹೊಸ ಬ್ಯಾಗು.

"ಎಲ್ಲಿಗೆ ಹೋಗಿದ್ರಿ?"

"ನಿಮ್ಮಮ್ಮನ್ನ ನೋಡೋಕೆ."

"ನಾನು ಮೂರು ದಿನದಿಂದ ಅಲ್ಲೇ ಇದ್ದೀನಲ್ಲ ಮಾವ."

ಕಿಟಕಿ ಕಡೆ ತಿರುಗಿದೆ. ಅವಳೇ ಕೇಳಿದಳು, ಮಕ್ಕಳೆಲ್ಲ ಹೆಂಗವ್ರೆ?

"ಚೆನ್ನಾಗವ್ರೆ. ಮೂಗಯ್ಯನ ಮನೇಲಿ ಅಮ್ಮ."

"ಅಮ್ಮನಾ? ಯಾರು ನೋಡಿದ್ದು?"

ಕಂಡಕ್ಟರ್ ಬಂದ, ಟಿಕೆಟ್ ಕೇಳಿದ. ಆಗಲೇ ತಗೊಂಡಿದ್ದೆ, ಆದರೂ ಜೇಬೆಲ್ಲ ಹುಡುಕಿದೆ.

ಸ್ಟಾಪಿನಿಂದ ಅವಳು ಮನೆಗೆ ಹೋಗಲಿಲ್ಲ. ನೇರ ಮೂಗಯ್ಯನ ಮನೆಗೆ. ಬಾಗಿಲ ಸೊಪ್ಪು ತಲೆಗೆ ತಾಗಿತು, ಬಗ್ಗಲೂ ಇಲ್ಲ. ಮೂಗಯ್ಯ ಅಡ್ಡ ನಿಂತ. "ಚಪ್ಪಲಿ ಕಾಲಲ್ಲಿ ಬರ್ಬೇಡ ಕಣವ್ವ, ಅಮ್ಮ ಅವ್ಳೆ ಒಳಗೆ!" ಚಪ್ಪಲಿ ಅಲ್ಲೇ ಒದರಿ ಒಳಗೆ ನುಗ್ಗಿದಳು.

"ಮಾವ, ಟೈಮ್ ನೋಡಿ."

ನೋಡಿದೆ. ಈ ಸಲ ಮಾತಾಡಲಿಲ್ಲ.  "ಸ್ಟಾಪ್" ಅಂದೆ.

ಅರವತ್ತಾರು.

ಉಸಿರು ಎಳೆದಾಗಲೆಲ್ಲ ಪಕ್ಕೆ ಕೆಳಗೆ ಗುಳಿ ಬೀಳ್ತಿತ್ತು. ಅದನ್ನ ಬೆರಳಲ್ಲಿ ತೋರಿಸಿ ಮಂಜುಶ್ರೀಗೆ ಹೇಳಿದಳು, "ಅಮ್ಮ ಅಲ್ಲ ಇದು, ಎದೇಲಿ ಕಫ ಕಟ್ಟಿದೆ, ನ್ಯುಮೋನಿಯ, ಈಗ್ಲೇ ಹೊರಡಬೇಕು." ನನ್ನ ಕಡೆ ತಿರುಗದೆ, "ಡಬ್ಬಿ ತಗೊಂಡ್ಬನ್ನಿ."

ಮನೆಗೆ ಬಂದೆ. ಟ್ರಂಕ್ ಮುಂದೆ ಕೂತೆ. ಎಷ್ಟು ಹೊತ್ತೋ. ಆಮೇಲೆ ಹೋಗಿ ಬೀಗದ ಕೈ ಕಳೆದೋಯ್ತು ಅಂದೆ.

ಅಷ್ಟರಲ್ಲಿ ಸುನಿಲ ಓಮ್ನಿ ತಂದು ನಿಲ್ಲಿಸಿದ್ದ. ಶಿಲ್ಪ ಕಿವಿ ಓಲೆ ಬಿಚ್ಚೋಕೆ ಕೈ ಹಾಕಿದ್ದಳು. ಸುನಿಲ ಬಯ್ದ:

"ಅಯ್ಯೋ ಏನಕ್ಕ ನೀನು, ದುಡ್ಡು ಯಾರು ಕೇಳಿದ್ರು? ಹತ್ತು ಮೊದ್ಲು! ಮಂಗಳವಾರನೇ ಕರೆದಿದ್ರೆ ಮಂಗಳವಾರನೇ ಬರ್ತಿರ್ಲಿಲ್ವ ನಾನು? ಮಗು ಅಂದ್ರೆ ದುಡ್ಡು ಇಸ್ಕೊಂಡು ಬರೋನಾ ನಾನು?"

ಓಮ್ನಿ ಹೋಯ್ತು. ಕಾರಿಗೆ ದುಡ್ಡೇ ಬೇಕಿರಲಿಲ್ಲ.

ಸೆಪ್ಟೆಂಬರ್ 20, ಶುಕ್ರವಾರ

ಮೊದಲನೇ ಬಸ್ಸಿಗೆ ಮೈಸೂರು. ಆಸ್ಪತ್ರೆ, ಮಕ್ಕಳ ವಾರ್ಡು. ಮೂಗಿಗೆ ಪೈಪು, ಕೈಗೆ ಹಲಗೆ ಕಟ್ಟಿ ಸೂಜಿ. ಅಷ್ಟು ಸಣ್ಣ ಕೈ.

ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಮುಖದ ತುಂಬ ನಿದ್ದೆ. ಕೇಳಿದಳು, "ಉಸಿರು ಯಾವಾಗಿಂದ ಹೀಗಿದೆ?" ಮಂಜುಶ್ರೀ ಅಳ್ತಿದ್ದಳು. ಮೂಗಯ್ಯ "ಅಮ್ಮ ಬಂದಿದ್ಲು ಕಣವ್ವ" ಅಂದ. ಡಾಕ್ಟರಮ್ಮ ಬರೆಯೋದು ನಿಲ್ಲಿಸಿ ಕಾದಳು.

ಬುಧವಾರ ಮಧ್ಯಾಹ್ನ, ಅರ್ಧ ನಿಮಿಷಕ್ಕೆ ಇಪ್ಪತ್ತೊಂಬತ್ತು. ನನಗೆ ಗೊತ್ತಿತ್ತು. ಆ ವಾರ್ಡಿನಲ್ಲಿ ನನಗೊಬ್ಬನಿಗೇ ಗೊತ್ತಿದ್ದದ್ದು.

ಕಾಫಿ ತರ್ತೀನಿ ಅಂತ ಈಚೆ ಬಂದೆ.

ಶಿಲ್ಪ ಮೆಟ್ಟಿಲ ಹತ್ತಿರ ಹಿಡಿದಳು. "ಬೀಗದ ಕೈ ಸಿಕ್ತಾ?"

"ಶಿಲ್ಪ, ಅದೂ..."

"ಎಷ್ಟು ಮಾವ?"

"ಎರಡು ಸಾವಿರ. ಕೈ ಸಾಲಕ್ಕೆ ತಗೊಂಡಿದ್ದೆ."

ನನ್ನ ಮುಖವನ್ನೇ ನೋಡಿದಳು. ಬಯ್ಯಲಿಲ್ಲ. ಬಯ್ದಿದ್ದರೆ ಏನಾದ್ರೂ ಒಂದು ಜೋಕ್ ಹೇಳಿ ತಪ್ಪಿಸ್ಕೋತಿದ್ದೆ.

ಸೆಪ್ಟೆಂಬರ್ 25, ಬುಧವಾರ

ಭಾನುವಾರ ಹೋಯ್ತು ಮಗು. ಬೆಳಗ್ಗೆ ಹತ್ತೂವರೆ.

ಎರಡು ದಿನ ಪೆನ್ನು ಹಿಡಿಯಕ್ಕಾಗಲಿಲ್ಲ. ಇವತ್ತೂ ಆಗ್ತಿಲ್ಲ.

ಸೆಪ್ಟೆಂಬರ್ 29, ಭಾನುವಾರ

ಯಾರೂ ನನ್ನ ಏನೂ ಅಂದಿಲ್ಲ. ಅದೇ ಕಷ್ಟ.

ಮೂಗಯ್ಯನ ಮನೆಗೆ ಹೋದೆ. ನಾಲ್ಕು ಜನ ಕೂತಿದ್ದರು. ಮುದುಕ ಎದ್ದು ಚಾಪೆ ಹಾಸಿದ, ನನಗೆ. "ಸ್ವಾಮೇರು ಮೊದಲೇ ಹೇಳಿದ್ರು ಅಮ್ಮ ಅಂತ. ಹೊಸ್ತಿಲು ದಾಟಿಸಬೇಡಿ ಅಂದ್ರು. ನಾವು ಕೇಳ್ನಿಲ್ಲ. ಚಪ್ಪಲಿ ಮೆಟ್ಕೊಂಡು ಬಂದು ಎತ್ಕೊಂಡೋದ್ರು. ಅಮ್ಮ ಮುನಿಸ್ಕೊಂಡ್ಲು."

ಚಪ್ಪಲಿ ಅಂದಾಗ ಎಲ್ಲರಿಗೂ ಯಾರು ಅಂತ ಗೊತ್ತಾಯ್ತು.

ನಾನು ಚಾಪೆ ಮೇಲೆ ಕೂತೆ. ಕೊಟ್ಟ ನೀರು ಕುಡಿದೆ. "ಅವಳು ಚಪ್ಪಲಿ ಬಿಟ್ಟೇ ಒಳಗೆ ಹೋಗಿದ್ದು" ಅನ್ನಬಹುದಿತ್ತು. ಅದಾದರೂ ಅನ್ನಬಹುದಿತ್ತು.

ಮಂಜುಶ್ರೀ ಗೋಡೆಗೆ ಒರಗಿ ಕೂತಿದ್ದಳು. ಎದೆ ಹಾಲು ಇನ್ನೂ ನಿಂತಿಲ್ಲ ಅಂತ ಕಾಣುತ್ತೆ, ಕುಪ್ಪಸ ಒದ್ದೆ. ನನ್ನನ್ನ ನೋಡಿ, "ಗುಳ್ಳೆ ಸೊಳ್ಳೇದಾ ಅಣ್ಣ?" ಅಂದಳು. ಮೂಗಯ್ಯ ಸುಮ್ಮನಿರು ಅಂತ ಗದರಿದ. ಮತ್ತೆ ಕೇಳಲಿಲ್ಲ ಅವಳು.

ಅಕ್ಟೋಬರ್ 3, ಗುರುವಾರ. ಬನ್ನಿಮಂಟಪ

ಶಾಂತಕ್ಕನ ಮನೆಗೆ ಬಂದುಬುಟ್ಟೆ. ದಸರಾ ನೋಡೋಕೆ ಅಂತ. ರಸ್ತೆಗೆಲ್ಲ ಲೈಟು ಕಟ್ಟಿದ್ದಾರೆ. ಮೈದಾನದ ಸುತ್ತ ಪೊಲೀಸರು ಬೊಂಬು ನೆಡ್ತಿದ್ದಾರೆ. ಅಕ್ಕ ಉಪ್ಪಿಟ್ಟು ಹಾಕಿಕೊಟ್ಟು ಎದುರಿಗೆ ಕೂತಳು. ಹಣೆ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು.

"ನನ್ನ ಮಗಳು ಡಬ್ಬಿ ದುಡ್ಡು ತಿಂದ್ಲಂತೆ ಕಣೋ ಪ್ರಭು. ಸಂಘದ ಹೆಂಗಸರು ಮುಖಕ್ಕೇ ಅಂದವ್ರೆ. ಪುಸ್ತಕದಲ್ಲಿ ಸಹಿ ಇರೋದು ಅವಳದು, ದುಡ್ಡಿಲ್ಲ. ನೀನು ಬರೀ ಕಾವಲು, ಬೇಕಾದಾಗ ತೆಗೆಸಿರೋಳು ಅವಳೇ ಅಂತಾರಂತೆ. ಮನೆಮನೆಗೆ ಹೋದ್ರೆ ಬಾಗಿಲು ಹಾಕ್ಕೋತಾರಂತೆ. ಮಗುಗೆ ತೂಕ ನೋಡೋಕೂ ಬಿಡಲ್ವಂತೆ."

ನಾನು ಉಪ್ಪಿಟ್ಟು ಕಲಸ್ತಾ ಕೂತೆ.

"ಮಗು ಸತ್ತಿದ್ದಕ್ಕೆ ತಾಲ್ಲೂಕಿಂದ ವಿಚಾರಣೆ ಅಂತೆ. ಬುಧವಾರ ಬರ್ತಾರೆ. ಮೂರು ದಿನ ಯಾಕೆ ಕಳಿಸಲಿಲ್ಲ, ದುಡ್ಡು ಎಲ್ಲೋಯ್ತು ಅಂತ ಕೇಳೋದು ಇವಳನ್ನೇ. ಕೆಲಸ ಹೋಗುತ್ತೆ ಕಣೋ. ಹತ್ತು ವರ್ಷ ಬಿಸಿಲಲ್ಲಿ ಮಳೇಲಿ ಸುತ್ತಿದ್ದಾಳೆ. ಯಾರು ತಿಂದ್ರು ಅಂತ ಕೇಳಿದ್ರೆ ಬಾಯೇ ಬಿಡಲ್ಲ. ನಿಂಗೇನಾದ್ರೂ ಗೊತ್ತೇನೋ?"

ಬಾಯಿ ತೆರೆದೆ. "ನಾನೇ ಅಕ್ಕ. ಒಂದು ಐದು ಸಾವಿರ. ಕಷ್ಟ ಇತ್ತು" ಅಂದೆ.

ಅಕ್ಕ ಎದ್ದು ನನ್ನ ತಟ್ಟೆ ಎತ್ತಿಕೊಂಡು ಹೋದಳು. ಅರ್ಧ ತಿಂದಿದ್ದೆ. ಸಿಂಕಿಗೆ ಸುರಿದ ಸದ್ದು ಕೇಳಿಸ್ತು.

ಅಕ್ಟೋಬರ್ 6, ಭಾನುವಾರ

ಅಕ್ಕ ಮಾತಾಡ್ತಿಲ್ಲ. ಊಟ ಇಟ್ಟು ಹೋಗ್ತಾಳೆ. ಪಕ್ಕದ ಮನೆ ಮಗು ಮೆಟ್ಟಿಲ ಮೇಲೆ ಆಡ್ತಿರುತ್ತೆ. ಕಣ್ಣು ತಾನೇ ಹೊಟ್ಟೆ ಕಡೆ ಹೋಗುತ್ತೆ. ಎಣಿಸ್ತೀನಿ. ಪೂರ್ತಿ ನಿಮಿಷ.

ಶಿಲ್ಪಗೆ ಫೋನ್ ಮಾಡಿದೆ.

"ನನ್ನ ಹೆಸರು ಹೇಳಿಬುಡು" ಅಂದೆ.

"ನಾನು ಹೇಳಲ್ಲ ಮಾವ. ನೀವು ಹೇಳಬೇಕು."

"ಹೇಳಿದ್ರೆ ಮಂಜುಶ್ರೀಗೆ..."

"ಅವಳಿಗೇ ಮೊದ್ಲು ಹೇಳಬೇಕು. ರಾತ್ರಿಯೆಲ್ಲ ಕೂತು ತಾನೇ ತಪ್ಪು ಮಾಡಿದೆ ಅಂತ ಅಳ್ತಾಳಂತೆ. ಹೊಸ್ತಿಲು ದಾಟಿಸಿದೆ, ಅಮ್ಮ ಮುನಿದ್ಲು ಅಂತ."

ಫೋನ್ ಇಟ್ಟಳು. ನಾನು ಹಿಡ್ಕೊಂಡೇ ಇದ್ದೆ.

ಅಕ್ಟೋಬರ್ 8, ಮಂಗಳವಾರ, ಬೆಳಗ್ಗೆ

ನಾಳೆ ವಿಚಾರಣೆ. ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗ್ತೀನಿ. ಬಾಯಲ್ಲಿ ಹೇಳೋಕೆ ಹೋದರೆ ನನ್ನ ಬಾಯಿ ಏನೋ ಒಂದು ಬಣ್ಣ ಹಚ್ಚುತ್ತೆ. ಬರೆದು ಕೊಡೋದೇ ಸರಿ. ಮೊದಲು ಮಂಜುಶ್ರೀಗೆ ಓದಿ ಹೇಳ್ತೀನಿ. ಆಮೇಲೆ ಆಫೀಸರಿಗೆ. ಇಲ್ಲಿ ಬರೆದು ನೋಡ್ಕೊಂಡು ಹಾಳೆಗೆ ಇಳಿಸ್ತೀನಿ.

ತಾಲ್ಲೂಕು ಆಫೀಸರು, ಇವರಿಗೆ. ಪ್ರಭುಸ್ವಾಮಿ ಮಾಡುವ ಅರಿಕೆ.

ಮಗು ನಿಶ್ಚಿತಾಗೆ ಅಮ್ಮ ಆಗಿದೆ ಅಂತ ಹೇಳಿದ್ದು ನಾನು. ಅಮ್ಮ ಆಗಿರಲಿಲ್ಲ. ಸೊಳ್ಳೆ ಕಚ್ಚಿದ ಗುಳ್ಳೆ ಅಂತ ನನಗೆ ಆಗಲೇ ಗೊತ್ತಿತ್ತು. ಬಾಗಿಲಿಗೆ ಸೊಪ್ಪು ಕಟ್ಟಿದ್ದು ನಾನು. ಬುಧವಾರ ಉಸಿರು ಎಣಿಸಿ ಅರ್ಧಕ್ಕೆ ಬಿಟ್ಟಿದ್ದೂ ನಾನು. ಮಗುವಿನ ತಾಯಿ ಕೇಳಬೇಕಾದ್ದನ್ನ ಮೊದಲನೇ ದಿನವೇ ಕೇಳಿದಳು. ಅವಳದು ಏನೂ ತಪ್ಪಿಲ್ಲ. ಶಿಲ್ಪಶ್ರೀ ಒಂದು ಪೈಸೆ ಮುಟ್ಟಿಲ್ಲ. ಚಪ್ಪಲಿ ಬಿಟ್ಟೇ ಒಳಗೆ ಹೋದಳು.

ಡಬ್ಬಿಯ ದುಡ್ಡು ರೇಸಿನಲ್ಲಿ ಕಳೆದೆ. ಐನೂರು ಅಂತ ಈ ಪುಸ್ತಕದಲ್ಲೇ ಬರೆದಿದ್ದು ಸುಳ್ಳು. ಶಿಲ್ಪಗೆ ಎರಡು ಸಾವಿರ ಅಂದದ್ದು ಸುಳ್ಳು. ಅಕ್ಕನಿಗೆ ಐದು ಅಂದದ್ದೂ ಸುಳ್ಳು. ಒಟ್ಟು ಹದಿನಾಲ್ಕು ಸಾವಿರದ ಇನ್ನೂರ ಎಂಬತ್ತು ರೂಪಾಯಿ. ಮತ್ತೆ, ಡಬ್ಬಿ ಖಾಲಿ ಅಂತ ಹದಿನೇಳನೇ ತಾರೀಕು ಬರೆದಿದ್ದೀನಲ್ಲ. ಖಾಲಿ ಇರಲಿಲ್ಲ. ಮಂಜುಶ್ರೀ ಮಗು ಎತ್ಕೊಂಡು ಬಾಗಿಲಿಗೆ ಬಂದಾಗ ಅದರಲ್ಲಿ ಇನ್ನೂ ಮೂರು ಸಾವಿರದ ಎಂಟುನೂರು ಇತ್ತು. ಗುರುವಾರದ ಪಂದ್ಯಕ್ಕೆ ಅಂತ ಎತ್ತಿಟ್ಟಿದ್ದೆ. ಅದನ್ನೂ ಅವತ್ತು ಕುದುರೆಗೇ ಕಟ್ಟಿ ಕಳೆದೆ.